ಗೊದಮೊಟ್ಟೆ ಕ್ಷೇಮ

ಮಾರ್ಚ್ ೨

ಕಪ್ಪೆ,

ಬಂದು ತಲುಪಿದೆ. ನಿನ್ನ ಜೀವಕೋಶಗಳೂ ತಲುಪಿದವು. ಹಡಗಿನಲ್ಲಿದ್ದಷ್ಟು ಹೊತ್ತೂ ಆ ಚಳಿಯ ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು, "ಒಳಗೇನಮ್ಮಾ, ಇಷ್ಟು ಜೋಪಾನ?" ಎಂದು ಕೇಳಿದರು. ನಿದ್ದೆಗಣ್ಣಿನಲ್ಲಿ, "ನನ್ನ ತಂಗಿ" ಎಂದುಬಿಟ್ಟೆ. ಅಜ್ಜಿ ಏನೆಂದುಕೊಂಡರೋ, ಕೈಮುಗಿದು ಬೇರೆ ಬೆಂಚಿಗೆ ಹೋದರು.

ಫೋನು ಬೇಡ, ಕಾಗದವೇ ಸರಿ ಎಂದು ಒಪ್ಪಂದ ಮಾಡಿಕೊಂಡದ್ದು ಒಳ್ಳೆಯದಾಯಿತು. ನಾಲ್ಕು ಮಾತಾಡಿದರೆ ನಿನಗೆ ಕೆಮ್ಮು ಹತ್ತುತ್ತದೆ. ನಿನ್ನ ಕೆಮ್ಮು ಕೇಳಿದರೆ ನನಗೆ ಮಾತು ಕಟ್ಟುತ್ತದೆ. ಮೊಬೈಲಿನಲ್ಲಿ ನೀನು ಕಳಿಸುವ 'ಹ್ಞೂಂ', 'ಸರಿ'ಗಳಿಂದ ನನ್ನ ಹೊಟ್ಟೆ ತುಂಬುವುದಿಲ್ಲ.

ನನ್ನ ಕೋಣೆ ಮೂರನೇ ಮಹಡಿಯಲ್ಲಿದೆ. ಕಿಟಕಿ ತೆರೆದರೆ ಬಂದರು. ಬೆಳಿಗ್ಗೆ ಹೊತ್ತು ಹಡಗುಗಳು ಕಾಣುವುದಿಲ್ಲ, ಅವುಗಳ ಕೂಗು ಮಾತ್ರ ಬರುತ್ತದೆ. ಕೆಳಗಿನ ಓಣಿಯಲ್ಲಿ ಬಟ್ಟೆ ಒಗೆಯುವ ಅಂಗಡಿಯೊಂದಿದೆ. ಅದರ ಬಿಸಿ ಆವಿ ಗೋಡೆ ಹತ್ತಿ ನನ್ನ ಕಿಟಕಿಯ ಗಾಜನ್ನು ಮಬ್ಬು ಮಾಡುತ್ತದೆ. ಏಳುವಾಗ ಪ್ರತಿದಿನ ಒಂದು ಕ್ಷಣ ನಾನೇ ಯಾವುದೋ ಹಾಲುಬಣ್ಣದ ದ್ರವದೊಳಗೆ ತೇಲುತ್ತಿರುವ ಹಾಗೆ ಅನಿಸುತ್ತದೆ.

ಇಲ್ಲಿನ ಲ್ಯಾಬಿನ ಯಜಮಾನರು ವಯಸ್ಸಾದವರು. ನಾನು ಮನಸ್ಸಿನಲ್ಲೇ ಅವರಿಗೆ ಗುಳ್ಳೆ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ನಮ್ಮ ಸಣ್ಣ ಕಾಲುವೆಗಳೊಳಗೆ ಒಂದು ಗಾಳಿಗುಳ್ಳೆ ಹೊಕ್ಕರೆ ಜೀವಕೋಶಗಳ ಕತೆ ಮುಗಿದಂತೆಯೇ. ಹಾಗಾಗದಂತೆ ನೋಡಿಕೊಳ್ಳುವುದರಲ್ಲೇ ಅವರು ತಮ್ಮ ಆಯುಷ್ಯ ಕಳೆದಿದ್ದಾರೆ. "ಗುಳ್ಳೆ ಅಂದ್ರೆ ನೆಂಟರಿದ್ದ ಹಾಗೆ ಕಣಮ್ಮ. ಹೇಳದೆ ಬರುತ್ತೆ, ಬಂದ ಮೇಲೆ ಹೋಗಲ್ಲ" ಎಂದರು.

ನಾನು ಇಲ್ಲಿ ಏನು ಮಾಡುತ್ತೇನೆ ಎಂದು ಅಮ್ಮ ಮತ್ತೆ ಕೇಳಿದರೆ ಹೀಗೆ ಹೇಳು. ಬೆರಳುದ್ದದ ಒಂದು ಪಾರದರ್ಶಕ ಬಿಲ್ಲೆ. ಒಳಗೆ ನೂಲೆಳೆಯಷ್ಟು ಸಣ್ಣ ಎರಡು ಕಾಲುವೆ, ಒಂದರ ಮೇಲೊಂದು, ನಡುವೆ ಜರಡಿಯಂಥ ಪೊರೆ. ಮೇಲಿನದರಲ್ಲಿ ಗಾಳಿ. ಕೆಳಗಿನದರಲ್ಲಿ ರಕ್ತದ ಬದಲು ಪೋಷಕ ದ್ರವ. ಪೊರೆಯ ಮೇಲೆ, ನಿನ್ನ ಶ್ವಾಸನಾಳದಿಂದ ಬ್ರಷ್ಷಿನಲ್ಲಿ ಉಜ್ಜಿ ತೆಗೆದ ಜೀವಕೋಶಗಳು. ಮೂರು ವಾರ ಸಾಕಿದರೆ ಅವುಗಳ ನೆತ್ತಿಯ ಮೇಲೆ ರೋಮ ಮೂಡುತ್ತವೆ. ಆರೋಗ್ಯವಂತರಲ್ಲಿ ಆ ರೋಮಗಳು ಸದಾ ಬೀಸುತ್ತ ಧೂಳು, ಕಫವನ್ನೆಲ್ಲ ಮೇಲಕ್ಕೆ ಗುಡಿಸುತ್ತಿರುತ್ತವೆ. ನಿನ್ನವು ಗುಡಿಸುವುದನ್ನು ಮರೆತಿವೆ. ಹೊಸ ಔಷಧಿ ಅವಕ್ಕೆ ನೆನಪು ಮಾಡಿಕೊಟ್ಟೀತೇ ಎಂದು ಬಿಲ್ಲೆಯ ಮೇಲೆ ನೋಡಬೇಕು. ನೆನಪಾದರೆ ಏಪ್ರಿಲ್ ಕೊನೆಯ ಆಪರೇಷನ್ ಬೇಡ, ಎಡ ಶ್ವಾಸಕೋಶದ ತುಂಡು ಕಳೆದುಕೊಳ್ಳುವುದೂ ಬೇಡ. ಏಪ್ರಿಲ್ ಎಂಟಕ್ಕೆ ಇಲ್ಲಿ ನಮ್ಮ ಮೈಕ್ರೋಫ್ಲೂಯಿಡಿಕ್ಸ್, ಅಂದರೆ ಈ ಸಣ್ಣ ಕಾಲುವೆಗಳ ವಿದ್ಯೆಯ, ಸಮ್ಮೇಳನ. ಅಲ್ಲಿ ಎಲ್ಲರೆದುರು ನಿನ್ನ ಜೀವಕೋಶಗಳನ್ನು ಜೀವಂತ ತೋರಿಸುತ್ತೇನೆ.

ಔಷಧಿ ಮರೆಯಬೇಡ. ಮೆಟ್ಟಿಲು ಹತ್ತಬೇಡ.

ಅಕ್ಕ


ಮಾರ್ಚ್ ೭

ಅಕ್ಕ,

ನನ್ನನ್ನು ಚಿತಾಭಸ್ಮ ಮಾಡಿ ಹಡಗಿನಲ್ಲಿ ಹೊತ್ತುಕೊಂಡು ಹೋದವಳಿಗೆ ನಮಸ್ಕಾರ. ಆ ಅಜ್ಜಿ ಪಾಪ ಊರು ಸೇರಿದ ಮೇಲೆ ಸ್ನಾನ ಮಾಡಿರಬೇಕು.

'ನಿನ್ನ ಜೀವಕೋಶಗಳು' ಎಂದು ಬರೆಯಬೇಡ, ನಾನು ಈಗಾಗಲೇ ಪರೀಕ್ಷೆಯ ಪ್ರಶ್ನೆಯಾದ ಹಾಗಿದೆ. ಕಪ್ಪೆಯಿಂದ ಬಂದದ್ದಕ್ಕೆ ಗೊದಮೊಟ್ಟೆ ಎಂದೇ ಹೆಸರು. ಅಮ್ಮನಿಗೆ ಎಲ್ಲ ವಿವರಿಸಿದೆ. ಎಲ್ಲವನ್ನೂ ಕೇಳಿ ಅಮ್ಮ ಕೇಳಿದ್ದು ಒಂದೇ: "ಅದಕ್ಕೆ ಹೊತ್ತಿಗೆ ಸರಿಯಾಗಿ ಊಟ ಹಾಕೋರು ಯಾರೇ? ಇವಳಿಗೆ ಕೆಲಸದಲ್ಲಿ ತಾನು ಉಂಡಿದ್ದೇ ನೆನಪಿರಲ್ಲ."

ಈಜುಕೊಳಕ್ಕೆ ದಿನಾ ಹೋಗುತ್ತಿದ್ದೇನೆ. ನೀರಿಗೆ ಇಳಿಯುತ್ತಿಲ್ಲ, ಆಣೆ ಮಾಡುತ್ತೇನೆ. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಸೀಟಿ ಊದುವ ಬದಲು ಚಪ್ಪಾಳೆ ತಟ್ಟಿ ಪಾಠ ಮಾಡುತ್ತೇನೆ. ಹೊಸದಾಗಿ ಸೇರಿದ ಹುಡುಗಿ ನನ್ನನ್ನು ತುಂಬ ಹೊತ್ತು ನೋಡಿ, "ಟೀಚರ್, ನಿಮಗೆ ಈಜಕ್ಕೆ ಬರಲ್ವಾ?" ಎಂದಳು. "ಇಲ್ಲಮ್ಮ, ನೀರು ಅಂದ್ರೆ ಭಯ" ಎಂದೆ. ಅಂದಿನಿಂದ ಅವಳು ನನಗೇ ಧೈರ್ಯ ಹೇಳುತ್ತಿದ್ದಾಳೆ.

ನಿನ್ನ ಗುಳ್ಳೆ ಮೇಷ್ಟ್ರನ್ನು ನನ್ನ ಕ್ಲಾಸಿಗೆ ಕಳಿಸು. ನಾನು ಮಕ್ಕಳಿಗೆ ಕಲಿಸುವ ಮೊದಲ ಪಾಠವೇ ಮುಖ ಮುಳುಗಿಸಿ ಗುಳ್ಳೆ ಬಿಡುವುದು. ಇಪ್ಪತ್ತು ಮಕ್ಕಳು ಒಟ್ಟಿಗೆ ಬಿಟ್ಟರೆ ಇಡೀ ಕೊಳ ಕುದಿಯುವ ಹಾಗೆ ಕಾಣುತ್ತದೆ. ಅವರಿಗೆ ಎದೆನೋವು ಬಂದೀತು.

ಸರ್ಜನ್ನರನ್ನು ನೋಡಿ ಬಂದೆ. ಹೊಸದೇನಿಲ್ಲ. ನೀನು ನಿನ್ನ ಕೆಲಸ ನೋಡಿಕೋ.

ಕಪ್ಪೆ


ಮಾರ್ಚ್ ೧೫

ಕಪ್ಪೆ,

ಗೊದಮೊಟ್ಟೆ ಪೊರೆಗೆ ಅಂಟಿಕೊಂಡಿದೆ. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕಿಯಿತ್ತು. ಈಗ ಚುಕ್ಕಿಗಳು ಹಿಗ್ಗಿ, ಒಂದನ್ನೊಂದು ಮುಟ್ಟಿ, ಕಲ್ಲು ಹಾಸಿದ ಅಂಗಳದ ಹಾಗೆ ಹರಡಿವೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರೆ ತುಂಬ ಎತ್ತರದಿಂದ ಯಾವುದೋ ಊರನ್ನು ನೋಡಿದಂತೆ. ಆ ಊರಿನಲ್ಲಿ ಓಣಿಗಳಿವೆ, ಜನ ಇನ್ನೂ ಎದ್ದಿಲ್ಲ. ಯಾವ ಮನೆಯಲ್ಲಿ ಮೊದಲು ಬಾಗಿಲು ತೆರೆಯುತ್ತದೋ ಎಂದು ಕಾಯುತ್ತೇನೆ.

ಚಳಿಯ ಡಬ್ಬಿಯಲ್ಲಿ ಹೆಪ್ಪುಗಟ್ಟಿದ ಜೀವಕೋಶಗಳ ಸೀಸೆ ಎರಡಿತ್ತಲ್ಲ, ಎರಡನೆಯದನ್ನೂ ನಿನ್ನೆ ಕರಗಿಸಿ ಇನ್ನೊಂದು ಬಿಲ್ಲೆಯಲ್ಲಿ ಬಿತ್ತಿದೆ. ಒಂದಕ್ಕೊಂದು ಜೊತೆಯಿರಲಿ ಎಂದು. ಈಗ ನಿನ್ನ ಗೊದಮೊಟ್ಟೆಗೂ ಒಬ್ಬ ತಂಗಿ.

ಕೆಲಸವಿಲ್ಲದ ಒಂದು ಮಧ್ಯಾಹ್ನ ಆಟಕ್ಕೆಂದು ಕೆಂಪು ನೀರು, ನೀಲಿ ನೀರು ಎರಡನ್ನೂ ಒಂದೇ ಕಾಲುವೆಗೆ ಬಿಟ್ಟೆ. ಬಕೆಟ್ಟಿನಲ್ಲಾದರೆ ಕ್ಷಣದಲ್ಲಿ ಕಲಸಿ ನೇರಳೆಯಾಗುತ್ತಿತ್ತು. ಇಷ್ಟು ಸಣ್ಣ ಜಾಗದಲ್ಲಿ ನೀರಿಗೆ ಗಡಿಬಿಡಿಯೇ ತಿಳಿಯದು. ನಡುವೆ ಗೆರೆ ಎಳೆದ ಹಾಗೆ ಎರಡೂ ಪಕ್ಕಪಕ್ಕದಲ್ಲಿ ಹರಿದವು. ತುಂಬ ದೂರ ಹೋದ ಮೇಲೆ ಗೆರೆ ತುಸು ಮಸುಕಾಗಿ, ಕೆಂಪು ನೀಲಿಗೆ, ನೀಲಿ ಕೆಂಪಿಗೆ ಸೋರಿತು. ಯಾಕೋ ನಾವಿಬ್ಬರೂ ಒಂದೇ ಹೊದಿಕೆಯಲ್ಲಿ ಮಲಗುತ್ತಿದ್ದುದು ನೆನಪಾಯಿತು. ನೀನು ಹೊದಿಕೆಯನ್ನೆಲ್ಲ ಎಳೆದುಕೊಳ್ಳುತ್ತಿದ್ದೆ ಎಂಬುದನ್ನೂ ಮರೆತಿಲ್ಲ.

ಸಮ್ಮೇಳನದ ಸಭಾಂಗಣ ನೋಡಿ ಬಂದೆ. ಖಾಲಿ ಕುರ್ಚಿಗಳ ಸಾಲು, ಒಂದಷ್ಟು ಏಣಿ. ಪರದೆ ಕಟ್ಟುತ್ತಿದ್ದವನು ಮೇಲಿನಿಂದಲೇ ಕೇಳಿದ: "ಇಷ್ಟು ದೊಡ್ಡ ಪರದೆ ಮೇಲೆ ಅಂಥದ್ದೇನು ತೋರಿಸ್ತೀರಮ್ಮ?" "ಕಣ್ಣಿಗೆ ಕಾಣದಿರೋದನ್ನ" ಎಂದೆ. ಅವನು ತಲೆ ಕೆರೆದುಕೊಂಡು, "ಹಂಗಾದ್ರೆ ಪರದೆ ಯಾಕೆ?" ಎಂದ.

ನಿನಗೆ ಕತ್ತಿಯ ಭಯವೆಂದು ನನಗೆ ಗೊತ್ತು. ಹಲ್ಲು ಕೀಳಿಸುವಾಗಲೇ ಡಾಕ್ಟರ ಕೈ ಕಚ್ಚಿದವಳು ನೀನು. ಆ ಭಯ ಇನ್ನು ಸ್ವಲ್ಪ ದಿನ ಅಷ್ಟೆ.

ಅಕ್ಕ


ಮಾರ್ಚ್ ೨೧

ಅಕ್ಕ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಮಂಡಿಯ ಮೇಲೆ ಕಾಗದವಿಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ.

ಒಂದು ಕನಸು ಬಿತ್ತು. ಹಗಲಲ್ಲೇ. ಈಚೆಗೆ ಯಾವಾಗ ನಿದ್ದೆ, ಯಾವಾಗ ಎಚ್ಚರ ಎಂದು ಸರಿಯಾಗಿ ತಿಳಿಯುವುದಿಲ್ಲ. ಕನಸಿನಲ್ಲಿ ನಾನು ನಿನ್ನ ಕಾಲುವೆಯಲ್ಲಿದ್ದೆ. ಎರಡೂ ಬದಿಗೆ ಗಾಜಿನಂಥ ಗೋಡೆ, ಮೇಲೆ ಬಿಳಿ ಬೆಳಕು, ಕಾಲ ಕೆಳಗೆ ಹುಲ್ಲು. ಹುಲ್ಲಲ್ಲ, ರೋಮ. ನಾನು ಕೈ ಬೀಸಿದರೆ ಅವೂ ಬೀಸುತ್ತಿದ್ದವು. ಉಸಿರು ಕಟ್ಟಿಕೊಳ್ಳುವ ಅಗತ್ಯವೇ ಇರಲಿಲ್ಲ, ಅಕ್ಕ. ನೀರೊಳಗೇ ಉಸಿರಾಡುತ್ತಿದ್ದೆ. ತುಂಬ ಎತ್ತರದಲ್ಲಿ ಒಂದು ದೊಡ್ಡ ಕಣ್ಣು ಕಾಣಿಸಿತು. ಯಾರದೆಂದು ಗೊತ್ತಾಗಿ ನಾಲಿಗೆ ಚಾಚಿ ಅಣಕಿಸಿದೆ.

ಗೊದಮೊಟ್ಟೆಗೆ ನಿದ್ದೆ ಬರುತ್ತದೆಯೇ? ಅದಕ್ಕೆ ಕೆಮ್ಮು ಬಂದರೆ ಏನು ಮಾಡುತ್ತದೆ?

ಅಮ್ಮ ಚೆನ್ನಾಗಿದ್ದಾಳೆ. ಇಲ್ಲೇ ಪಕ್ಕದಲ್ಲಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಳೆ.

ರೋಮ ಮೂಡಿದ ಮೇಲೆ, ಔಷಧಿ ಕೊಟ್ಟ ಮೇಲೆ, ಅದು ಈಜಿತೇ ಇಲ್ಲವೇ ಎಂದು ಒಂದೇ ಒಂದು ಸಾಲು ಬರೆ. ಉಳಿದದ್ದೆಲ್ಲ ಆಮೇಲೆ.

ಕಪ್ಪೆ


ಮಾರ್ಚ್ ೨೯

ಕಪ್ಪೆ,

ಒಂದು ಸಾಲು ಕೇಳಿದ್ದೆ, ತಗೋ: ಈಜಿತು.

ಔಷಧಿ ಕೊಟ್ಟೆವು, ರೋಮಗಳು ಬೀಸಿದವು. ಚೆನ್ನಾಗಿ ಬೀಸಿದವು. ಗೊದಮೊಟ್ಟೆ ಕ್ಷೇಮ. ಗುಳ್ಳೆ ಮೇಷ್ಟ್ರಿಗೂ ಖುಷಿಯಾಯಿತು. ಇಲ್ಲಿ ಬಿಸಿಲು ಬಂದಿದೆ. ಸಮ್ಮೇಳನದ ತಯಾರಿಯಲ್ಲಿ ಕೈ ಬಿಡುವಿಲ್ಲ, ಹೆಚ್ಚು ಬರೆಯಲು ಆಗುತ್ತಿಲ್ಲ.

ನೀನು ಆರಾಮಾಗಿರು.

ಅಕ್ಕ


ಏಪ್ರಿಲ್ ೩

ಪ್ರೀತಿಯ ಅಕ್ಕ,

ನಿನ್ನ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ.

ಇವತ್ತು ಬೆಳಿಗ್ಗೆ ಸರ್ಜನ್ನರ ಹತ್ತಿರ ಹೋಗಿ ಆಪರೇಷನ್ ಬೇಡವೆಂದು ಹೇಳಿ ಬಂದೆ. ಆ ದಿನವನ್ನು ಬೇರೆ ಯಾರಿಗೋ ಕೊಟ್ಟರು. ಸರ್ಜನ್, "ನಿಮ್ಮ ಅಕ್ಕ ಏನಂತಾರೆ?" ಎಂದು ಕೇಳಿದರು. "ನಮ್ಮಕ್ಕ ಸುಮ್ ಸುಮ್ನೆ ಏನೂ ಅನ್ನೋಳಲ್ಲ ಡಾಕ್ಟ್ರೇ. ಕಣ್ಣಾರೆ ನೋಡಿದ ಮೇಲೇ ಹೇಳೋದು" ಎಂದೆ.

ಇಷ್ಟು ವರ್ಷ ನೀನು ಆ ಕಾಲುವೆಗಳನ್ನು ಕೊರೆದದ್ದು ಸಾರ್ಥಕವಾಯಿತು. ನನ್ನ ಶ್ವಾಸಕೋಶ ಉಳಿಸಲೆಂದೇ ನೀನು ಈ ವಿದ್ಯೆ ಹಿಡಿದವಳೆಂದು ನನಗೆ ಗೊತ್ತು, ನೀನು ಯಾವತ್ತೂ ಹೇಳದಿದ್ದರೂ. ರೋಗಿಗಳ ಮೇಲೆ ಆ ಔಷಧಿಯ ಪ್ರಯೋಗ ಶುರುವಾಗುವುದು ಮಳೆಗಾಲ ಕಳೆದ ಮೇಲಂತೆ. ಅಲ್ಲಿಯವರೆಗೆ ಕಾಯುತ್ತೇನೆ. ಕಾಯುವುದೇನು ದೊಡ್ಡ ಕೆಲಸ?

ಸಮ್ಮೇಳನದಲ್ಲಿ ಚೆನ್ನಾಗಿ ಮಾತಾಡು. ಕೈ ಆಡಿಸಬೇಡ, ನೀನು ಕೈ ಆಡಿಸಿದರೆ ನೊಣ ಓಡಿಸುತ್ತಿರುವ ಹಾಗೆ ಕಾಣುತ್ತದೆ.

ನಿನ್ನ ಕಪ್ಪೆ


ಏಪ್ರಿಲ್ ೯

ಕಪ್ಪೆ,

ನಿನ್ನೆ ಫೋನಿನಲ್ಲಿ ನಾನು ನಿಜ ಹೇಳಿದೆ. ನೀನು ನಕ್ಕೆ. ನಗುತ್ತ ಕೆಮ್ಮಿದೆ, ಆಮೇಲೆ ಫೋನು ಇಟ್ಟೆ. ಆ ನಗು ಎಂಥದ್ದೆಂದು ಯೋಚಿಸಿ ನನ್ನ ತಲೆ ಕೆಟ್ಟಿದೆ. ಅಮ್ಮನಿಗೆ ಮತ್ತೆ ಮಾಡಿದರೆ, "ಅವಳು ಮಲಗಿದಾಳೆ. ನೀನು ಬರೆಯೋದಿದ್ರೆ ಸರಿಯಾಗಿ ಬರೆ" ಎಂದಳು. ಸರಿಯಾಗಿ ಬರೆಯುತ್ತೇನೆ.

ಮಾರ್ಚ್ ಇಪ್ಪತ್ತೆಂಟರ ಬೆಳಿಗ್ಗೆ ಲ್ಯಾಬಿಗೆ ಹೋದಾಗ ಮೊದಲನೇ ಬಿಲ್ಲೆಯೊಳಗೆ ಗುಳ್ಳೆ ಹೊಕ್ಕಿತ್ತು. ಎಲ್ಲಿಂದ ಬಂತೋ ತಿಳಿಯದು. ಒಂದು ಸಾಸಿವೆಯ ಕಾಲುಭಾಗವೂ ಇರಲಿಲ್ಲ. ಕಾಲುವೆಯ ಉದ್ದಕ್ಕೂ ಸರಿದು ಹೋಗುತ್ತಾ ಪೊರೆಯ ಮೇಲಿದ್ದ ಊರನ್ನೇ ಕೆರೆದುಹಾಕಿತ್ತು. ಹಿಂದಿನ ದಿನವಷ್ಟೇ ರೋಮ ಮೂಡಿದ್ದವು, ಕಪ್ಪೆ. ಔಷಧಿ ಕೊಡುವುದಕ್ಕೂ ಮೊದಲೇ ಎಲ್ಲ ಮುಗಿದಿತ್ತು.

ಆವತ್ತೇ ನಿನ್ನ ಪೆನ್ಸಿಲ್ಲಿನ ಕಾಗದ ನನ್ನ ಮೇಜಿನ ಮೇಲಿತ್ತು. ಒಂದು ಸಾಲು ಬರೆ ಎಂದಿದ್ದೆ. ಎರಡನೇ ಬಿಲ್ಲೆ ಚೆನ್ನಾಗಿ ಬೆಳೆಯುತ್ತಿತ್ತು. ಹತ್ತು ದಿನ ಕಳೆದರೆ ಅದು ಈಜಿಯೇ ಈಜುತ್ತದೆ ಎಂದು ನನಗೆ ಎಷ್ಟು ನಂಬಿಕೆಯಿತ್ತೆಂದರೆ, ನಾನು ಬರೆಯುತ್ತಿರುವುದು ಸುಳ್ಳೆಂದೇ ಅನಿಸಲಿಲ್ಲ. ನಿಜವನ್ನೇ ಸ್ವಲ್ಪ ಮುಂಚೆ ಬರೆಯುತ್ತಿದ್ದೇನೆ ಎಂದುಕೊಂಡೆ. ನೀನು ಆಪರೇಷನ್ನಿನ ಭಯದಲ್ಲಿ ಇನ್ನೂ ಹತ್ತು ದಿನ ಒದ್ದಾಡುವುದು ಬೇಡ ಎಂದುಕೊಂಡೆ.

ಆರರಂದು ಎರಡನೆಯದಕ್ಕೆ ಔಷಧಿ ಕೊಟ್ಟೆ. ಪಕ್ಕದಲ್ಲೇ, ಆರೋಗ್ಯವಂತರೊಬ್ಬರ ಜೀವಕೋಶಗಳಿದ್ದ ಬಿಲ್ಲೆಗೂ ಕೊಟ್ಟೆ. ಅವು ಗಾಳಿಗೆ ಸಿಕ್ಕ ಪೈರಿನ ಹಾಗೆ ಎದ್ದವು. ನಿನ್ನವು ನಿಂತ ಕಡೆ ನಿಂತಿದ್ದವು. ಪ್ರಮಾಣ ಹೆಚ್ಚಿಸಿದೆ. ನಿಂತೇ ಇದ್ದವು. ಏಳರಂದು ನಿನ್ನ ಕಾಗದ ಬಂತು, ಆಪರೇಷನ್ ಬೇಡವೆಂದು ಹೇಳಿ ಬಂದೆ ಎಂಬ ಕಾಗದ. ಓದಿ ಮೆಟ್ಟಿಲ ಮೇಲೇ ಕೂತುಬಿಟ್ಟೆ. ತಕ್ಷಣ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಬೆಳಗಾಗುವುದರೊಳಗೆ ಅವು ಬೀಸಲು ಶುರುಮಾಡಬಹುದು ಎಂಬ ಆಸೆ.

ಎಂಟರ ಬೆಳಿಗ್ಗೆ ಗುಳ್ಳೆ ಮೇಷ್ಟ್ರು ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಗುಳ್ಳೆ ಇರಬೇಕು ಸರ್, ನೋಡಿ" ಎಂದೆ. ಗುಳ್ಳೆಯಿದ್ದರೆ ತಪ್ಪನ್ನು ಅದರ ತಲೆಗೆ ಕಟ್ಟಬಹುದಿತ್ತು. ಅವರು ಉದ್ದಕ್ಕೂ ಹುಡುಕಿ ಕಣ್ಣು ತೆಗೆದರು. "ಇಲ್ಲಮ್ಮ. ಇಷ್ಟು ಶುದ್ಧವಾದ ಕಾಲುವೆ ನಾನು ನೋಡೇ ಇಲ್ಲ. ಜೀವಕೋಶ ಚೆನ್ನಾಗಿವೆ, ಹರಿವು ಚೆನ್ನಾಗಿದೆ. ಅವಕ್ಕೆ ಈ ಔಷಧಿ ಹಿಡಿಸಲ್ಲ, ಅಷ್ಟೆ."

ಸಭಾಂಗಣಕ್ಕೆ ನಡೆದು ಹೋಗುವಾಗ ಒಂದು ಯೋಚನೆ ಬಂತು. ಆರೋಗ್ಯವಂತರ ಬಿಲ್ಲೆಯನ್ನು ಮಾತ್ರ ತೋರಿಸಿ ಕೆಳಗಿಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಔಷಧಿ ತಯಾರಿಸಿದವರು ಮುಂದಿನ ಸಾಲಿನಲ್ಲಿ ಕೂತಿದ್ದರು. ದೀಪ ಆರಿಸಿದರು. ಮೊದಲು ಆ ಬಿಲ್ಲೆಯನ್ನೇ ಪರದೆಯ ಮೇಲೆ ಬಿಟ್ಟೆ. ಗೋಡೆಯಷ್ಟು ದೊಡ್ಡದಾಗಿ ರೋಮಗಳು ಬೀಸಿದವು, ಅಲೆಯ ಮೇಲೆ ಅಲೆ. ಕತ್ತಲಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ನನಗೂ ಕ್ಷಣಕಾಲ ಅದು ನೀನೇ ಎನಿಸಿತು. ಅಲ್ಲೇ ನಿಂತುಬಿಡಬಹುದಿತ್ತು.

ಆಮೇಲೆ ನಿನ್ನದನ್ನು ಬಿಟ್ಟೆ. ಪರದೆ ತುಂಬ ನಿನ್ನ ಸ್ತಬ್ಧ ಊರು. "ಇದು ಇನ್ನೊಬ್ಬರದು. ಔಷಧಿ ಕೊಟ್ಟಾಗಿದೆ. ನೋಡ್ತಾ ಇರಿ" ಎಂದೆ. ಎಲ್ಲರೂ ನೋಡಿದರು. ಏನೂ ಆಗಲಿಲ್ಲ. ಏನೂ ಆಗದಿರುವುದನ್ನು ಅಷ್ಟು ಜನ ಅಷ್ಟು ಹೊತ್ತು ನೋಡಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಒಬ್ಬ ಎದ್ದು ಕೇಳಿದ: "ಹಾಗಾದ್ರೆ ನಿಮ್ಮ ಬಿಲ್ಲೆ ಸೋತ ಹಾಗಲ್ವಾ?"

"ಬಿಲ್ಲೆ ಸೋತಿಲ್ಲ" ಎಂದೆ. "ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ. ಈ ಹೆಂಗಸಿಗೆ ಈ ಔಷಧಿ ಆಗಲ್ಲ. ಇದನ್ನ ನಂಬ್ಕೊಂಡು ಆಕೆ ತಿಂಗಳುಗಟ್ಟಲೆ ಕಾಯೋ ಅಗತ್ಯ ಇಲ್ಲ. ಆಕೆ..." ಆಕೆ ಕಾಯುತ್ತಿದ್ದಳು. ನನ್ನ ಮಾತು ನಂಬಿಕೊಂಡು ಕಾಯುತ್ತಿದ್ದಳು. ಅಧ್ಯಕ್ಷರು ಗಂಟೆ ಬಾರಿಸಿದರು. ವೇದಿಕೆಯಿಂದ ಇಳಿದು ನೇರ ಹೊರಗೆ ಓಡಿ, ಕೋಟುಗಳನ್ನು ತೂಗುಹಾಕುವ ಕೋಣೆಯೊಳಗೆ ನಿಂತು ಫೋನು ಮಾಡಿದೆ.

ನೀನು ಫೋನು ಇಟ್ಟ ಮೇಲೆ ಅಮ್ಮ ಹೇಳಿದಳು, ಮಾರ್ಚಿನಲ್ಲಿ ನೀನು ಒಂದು ವಾರ ಆಸ್ಪತ್ರೆಯಲ್ಲಿದ್ದೆ ಎಂದು. ಬಿಳಿ ಬೆಳಕು, ಪೆನ್ಸಿಲ್ಲು, ಕುರ್ಚಿಯಲ್ಲಿ ತೂಕಡಿಸುವ ಅಮ್ಮ. ನಾನು ಅದನ್ನು ಈಜುಕೊಳದ ಕಟ್ಟೆ ಎಂದು ಓದಿಕೊಂಡಿದ್ದೆ. ಇಡೀ ದಿನ ಸೂಕ್ಷ್ಮದರ್ಶಕದಲ್ಲಿ ನೋಡುವವಳಿಗೆ ಇಷ್ಟು ಕಾಣಲಿಲ್ಲ.

ಕಪ್ಪೆ, ಬೈದು ಬರೆ. ಆದರೆ ಮೊದಲು ಸರ್ಜನ್ನರ ಹತ್ತಿರ ಹೋಗು. ಕಾಯಬೇಡ.

ಅಕ್ಕ


ಏಪ್ರಿಲ್ ೧೩

ಅಕ್ಕ,

ಬೈಯಲು ಕೂತೆ, ಬರಲಿಲ್ಲ. ನಾನು ಯಾಕೆ ನಕ್ಕೆನೆಂದು ಹೇಳುತ್ತೇನೆ, ಕೇಳು.

ನನಗೆ ಕತ್ತಿಯ ಭಯವಿಲ್ಲ. ಹಲ್ಲು ಕೀಳಿಸಿದಾಗ ನನಗೆ ಏಳು ವರ್ಷ, ಅಕ್ಕ! ಸರ್ಜನ್ ಮಾರ್ಚ್ ಮೊದಲ ವಾರದಲ್ಲೇ ಹೇಳಿದ್ದರು: "ಆ ತುಂಡು ಕೆಟ್ಟೋಗಿದೆ. ಉಳಿದಿದ್ದು ಚೆನ್ನಾಗಿದೆ. ತೆಗೆದ್ರೆ ನೀವು ಮತ್ತೆ ನೀರಿಗೆ ಇಳೀಬಹುದು. ತಡ ಮಾಡಿದ್ರೆ ಮೇಲಕ್ಕೂ ಹರಡುತ್ತೆ." ನಾನು ಅವತ್ತೇ ಒಪ್ಪಿಕೊಂಡಿದ್ದೆ. ಆ ತುಂಡಿನ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ. ವರ್ಷವಿಡೀ ಕಫ ತುಂಬಿಕೊಂಡು ಕೂತಿರುವ ಬಾಡಿಗೆದಾರ, ಹೋದರೆ ಸಾಕು.

ಆದರೆ ನಿನಗೆ ಹೇಗೆ ಹೇಳುವುದು? ನೀನು ನನ್ನನ್ನು ಮಡಿಲಲ್ಲಿಟ್ಟುಕೊಂಡು ಹಡಗು ಹತ್ತಿದ್ದೆ. ನಿನ್ನ ಗೊದಮೊಟ್ಟೆ ಈಜುವ ಮೊದಲೇ ನಾನು ಹೋಗಿ ಮೇಜಿನ ಮೇಲೆ ಮಲಗಿಬಿಟ್ಟರೆ, ಇಷ್ಟು ವರ್ಷದ ನಿನ್ನ ಕೆಲಸದ ಮುಖಕ್ಕೆ ಹೊಡೆದ ಹಾಗೆ ಎಂದುಕೊಂಡೆ. ಸಮ್ಮೇಳನ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ತಡೆದೆ. 'ಈಜಿತು' ಎಂದು ನೀನು ಬರೆದಾಗ, ಇನ್ನು ಮಳೆಗಾಲ ಕಳೆಯುವವರೆಗೂ ಈ ಕೆಮ್ಮಿನ ಜೊತೆ ಬದುಕಬೇಕಲ್ಲ ಎಂದು ಅತ್ತೆ. ಅತ್ತು, ಮುಖ ತೊಳೆದುಕೊಂಡು, ನಿನಗೆ ಅಭಿನಂದನೆ ಬರೆದೆ. ಅಮ್ಮ ಇಲ್ಲದ ಹಾಲು ಕಾಯಿಸಲು ಹೋದದ್ದು ಅದಕ್ಕೇ. ಅವಳಿಗೆ ಎಲ್ಲ ಗೊತ್ತಿತ್ತು. "ಒಬ್ಬಳು ಅಲ್ಲಿ, ಒಬ್ಬಳು ಇಲ್ಲಿ, ಇಬ್ರೂ ಸೇರಿ ನನ್ನ ಹುಚ್ಚಿ ಮಾಡ್ತೀರ" ಎಂದು ಆಮೇಲೆ ಬೈದಳು.

ಫೋನಿನಲ್ಲಿ ನೀನು, "ಆ ಔಷಧಿ ನಿನಗೆ ಕೆಲಸ ಮಾಡಲ್ಲ ಕಣೇ" ಎಂದಾಗ ನನ್ನ ಮೇಲಿದ್ದ ಒಂದು ಮೂಟೆ ಜಾರಿ ಬಿತ್ತು. ಅದಕ್ಕೆ ನಕ್ಕೆ. ಫೋನು ಇಟ್ಟದ್ದು ಸರ್ಜನ್ನರಿಗೆ ಮಾಡಲು.

ಒಂದು ಮಾತು ಹೇಳಲೇ? ನೀನು ಬರೆದ 'ಈಜಿತು' ನನಗೆ ಉಪಕಾರಕ್ಕೆ ಬರಲಿಲ್ಲ. ಅಷ್ಟು ಜನರೆದುರು ಈಜದೆ ನಿಂತಿತಲ್ಲ, ಅದು ಬಂತು. ಅದಿಲ್ಲದಿದ್ದರೆ ನಾನು ನಿನ್ನ ಮೇಲಿನ ಪ್ರೀತಿಗೆ, ನೀನು ನನ್ನ ಮೇಲಿನ ಪ್ರೀತಿಗೆ, ಇಬ್ಬರೂ ಸೇರಿ ನನ್ನನ್ನು ಮುಗಿಸಿಬಿಡುತ್ತಿದ್ದೆವು.

ಯಾರೋ ಬರಲಾಗದೆ ದಿನವೊಂದು ಖಾಲಿಯಾಗಿದೆಯಂತೆ. ಹದಿನೇಳಕ್ಕೆ. ನನ್ನ ಹೆಸರು ಹಾಕಿಸಿದ್ದೇನೆ. ನೀನು ಕೆಲಸ ಬಿಟ್ಟು ಓಡಿ ಬರಬೇಡ.

(ಓಡಿ ಬಾ.)

ಕಪ್ಪೆ


ಏಪ್ರಿಲ್ ೧೭, ಬಂದರಿನಲ್ಲಿ

ಕಪ್ಪೆ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಸಿಕ್ಕಿತು. ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ಬಂದರಿಗೆ ಓಡಿ ಬಂದೆ. ಹಡಗು ಎದುರಿಗೇ ಇದೆಯಂತೆ, ಕಾಣುತ್ತಿಲ್ಲ. ಮಂಜು. ಸಮುದ್ರವೂ ಇಲ್ಲ, ಆಕಾಶವೂ ಇಲ್ಲ, ಈ ಕಾಯುವ ಕೋಣೆಯೊಂದನ್ನು ಬಿಟ್ಟು ಜಗತ್ತನ್ನೆಲ್ಲ ಯಾರೋ ಒರೆಸಿಹಾಕಿದ್ದಾರೆ. ಟಿಕೆಟ್ಟಿನವನು, "ಮಂಜು ಸರಿದ್ರೆ ಹಡಗು. ಸರೀಲಿಲ್ಲ ಅಂದ್ರೆ ನಾಳೆ. ನಾಳೇನೂ ಇಲ್ಲ ಅಂದ್ರೆ ನಾಳಿದ್ದು" ಎನ್ನುತ್ತಾನೆ, ಏನೂ ಆಗಿಲ್ಲವೆಂಬಂತೆ.

ಹತ್ತಕ್ಕೆ ಅಮ್ಮನ ಫೋನು ಬಂತು. "ಈಗ ತಾನೇ ಒಳಗೆ ಕರ್ಕೊಂಡು ಹೋದ್ರು. ನಗ್ತಾ ಹೋದಳು" ಎಂದಳು.

ಆ ಗಳಿಗೆಯಿಂದ ಇಲ್ಲಿ ಬೆಂಚಿನ ಮೇಲೆ ಕೂತಿದ್ದೇನೆ. ನಿನಗೂ ಈಗ ಹೀಗೇ ಇರಬಹುದು, ಬಿಳಿ, ಶಬ್ದವಿಲ್ಲದ್ದು. ನನ್ನ ಪಾಲಿಗೆ ನೀನು ಇಲ್ಲೇ ಎಲ್ಲೋ ಈ ಮಂಜಿನಲ್ಲಿದ್ದೀ. ಹೆಸರು ಹಿಡಿದು ಕೂಗಿದರೆ ಓ ಎನ್ನುವಷ್ಟು ಹತ್ತಿರ. ಕೂಗಲಿಲ್ಲ, ಪಕ್ಕದಲ್ಲಿ ಜನರಿದ್ದರು. ಆಮೇಲೆ ಜನರಿದ್ದರೇನು ಎನಿಸಿ ಹೊರಗೆ ಕಟ್ಟೆಯ ತುದಿಗೆ ಹೋಗಿ, ಎಷ್ಟು ಸಣ್ಣಗೆ ಸಾಧ್ಯವೋ ಅಷ್ಟು ಸಣ್ಣಗೆ ಕರೆದೆ. ದೂರದಲ್ಲಿ ಒಂದು ಹಡಗು ಕೂಗಿತು. ನಗಬೇಡ, ನನಗೆ ಧೈರ್ಯ ಬಂತು.

ನೀನು ನನ್ನನ್ನು ಕ್ಷಮಿಸಿದ್ದೀಯೋ ಎಂದು ಕೇಳುವುದಿಲ್ಲ. ಇನ್ನು ಮೇಲೆ ನಿನಗೆ ಏನಾದರೂ ಆದರೆ ಆದ ಹಾಗೆಯೇ ನನಗೆ ಹೇಳು. ನಾನೂ ಕಂಡದ್ದನ್ನಷ್ಟೇ ಹೇಳುತ್ತೇನೆ.

ಮಧ್ಯಾಹ್ನ, ಅದೇ ಬೆಂಚು. ಅಮ್ಮ ಮತ್ತೆ ಮಾಡಿದಳು. ಮೊದಲು ಅಳು ಕೇಳಿಸಿತು. ಆಮೇಲೆ ಮಾತು: "ಮುಗೀತಂತೆ ಕಣೇ. ಚೆನ್ನಾಗಿ ಉಸಿರಾಡ್ತಿದಾಳೆ. ನೀನು ಊಟ ಮಾಡಿದ್ಯಾ?"

ಊಟ ಮಾಡಿದೆ, ಕಪ್ಪೆ. ಏನು ತಿಂದೆನೆಂದು ಕೇಳಬೇಡ. ಮಂಜು ಇನ್ನೂ ಸರಿದಿಲ್ಲ. ಈ ಕಾಗದವನ್ನು ಇಲ್ಲಿನ ಡಬ್ಬಿಗೇ ಹಾಕುತ್ತೇನೆ. ನಾನು ಮೊದಲು ಬರುತ್ತೇನೋ ಇದು ಮೊದಲು ಬರುತ್ತದೋ, ಯಾರು ಬಂದರೂ ಒಳಗೆ ಕರೆ.

ಅಕ್ಕ


ಏಪ್ರಿಲ್ ೨೧

ಅಕ್ಕ,

ನಿನ್ನ ಹಡಗು ಇನ್ನೂ ಮಂಜಿನಲ್ಲಿದೆಯೋ ಹೊರಟಿದೆಯೋ ಅಮ್ಮನಿಗೂ ಗೊತ್ತಿಲ್ಲ. ನಿನ್ನ ಫೋನು ನಿನ್ನೆಯಿಂದ ಸತ್ತಿದೆ. ಚಾರ್ಜರ್ ಅಲ್ಲೇ ಮರೆತಿರುತ್ತೀ, ಪಂಥ. ಆದ್ದರಿಂದ ಬರೆಯುತ್ತಿದ್ದೇನೆ, ಎಲ್ಲಿಗೆ ಕಳಿಸಬೇಕೆಂದು ತಿಳಿಯದಿದ್ದರೂ. ಎಡಗೈ ಎತ್ತಲಾಗದು, ಬಲಗೈ ನನ್ನದೇ.

ಆದ ಹಾಗೆಯೇ ಹೇಳುತ್ತೇನೆ. ನೋಯುತ್ತದೆ. ಪಕ್ಕೆಯಲ್ಲಿ ಯಾರೋ ಬಾಗಿಲು ಕೂರಿಸಿ, ಅಳತೆ ತಪ್ಪಿ, ಮತ್ತೆ ಮತ್ತೆ ತೆಗೆದು ಹಾಕುತ್ತಿರುವ ಹಾಗೆ. ನಕ್ಕರೆ ನೋವು. ಅಮ್ಮ ನಗಿಸದೆ ಬಿಡುವುದಿಲ್ಲ. ನಿನ್ನೆ ನರ್ಸು ನನ್ನನ್ನು ಎಬ್ಬಿಸಿ ಪಡಸಾಲೆಯ ಕೊನೆಯವರೆಗೂ ನಡೆಸಿದಳು. ಅಲ್ಲೊಂದು ಕಿಟಕಿ. "ಈಗ ಆಳವಾಗಿ ಉಸಿರು ತಗೊಳ್ಳಿ" ಎಂದಳು. ಹೆದರಿ ಹೆದರಿ ತೆಗೆದುಕೊಂಡೆ. ಅರ್ಧಕ್ಕೆ ಬಂದಾಗ ಎಂದಿನಂತೆ ಕೆಮ್ಮು ಬರುತ್ತದೆಂದು ಕಾದೆ. ಬರಲಿಲ್ಲ. ಇನ್ನೂ ತೆಗೆದುಕೊಂಡೆ. ಒಳಗೆ ಇನ್ನೂ ಜಾಗವಿತ್ತು! ಎಷ್ಟು ಒಳಗೆ ಹೋಗುತ್ತದೆಯೋ ಎಂದು ನನಗೇ ಗಾಬರಿಯಾಯಿತು. ನರ್ಸು, "ಸಾಕು, ಬಿಡಿ ಬಿಡಿ, ವಾರ್ಡಿಗೂ ಸ್ವಲ್ಪ ಉಳಿಸಿ" ಎಂದಳು.

ತೆಗೆದ ತುಂಡನ್ನು ನಿನ್ನ ಲ್ಯಾಬಿಗೆ ಕೊಡಬಹುದೇ ಎಂದು ಸರ್ಜನ್ ಕೇಳಿದರು. ಕೊಡಿ ಎಂದೆ. ನನ್ನಂಥವರು ಇನ್ನೂ ಎಷ್ಟೋ ಜನ ಇರುತ್ತಾರೆ. ಅವರಿಗೆ ಯಾವುದು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂದು ಅದು ನಿನಗೆ ಹೇಳಲಿ.

ಮಕ್ಕಳು ಬಂದಿದ್ದರು, ಒಳಗೆ ಬಿಡಲಿಲ್ಲ. ಕೆಳಗಿನ ಅಂಗಳದಲ್ಲಿ ಸಾಲಾಗಿ ನಿಂತು ಕೈ ಬೀಸಿದರು. ನಾನು ನೀರಿಗೆ ಇಳಿಯಲು ಇನ್ನೂ ಮೂರು ತಿಂಗಳಾದರೂ ಬೇಕಂತೆ. ಆ ಹುಡುಗಿ ಕೆಳಗಿನಿಂದಲೇ, "ಟೀಚರ್, ಭಯ ಬೀಳ್ಬೇಡಿ, ನಾನು ಕೈ ಹಿಡ್ಕೋತೀನಿ" ಎಂದು ಕೂಗಿದಳು.

ಬಾಗಿಲ ಗಾಜಿನ ಆಚೆ ಅಮ್ಮ ಯಾರ ಜೊತೆಗೋ ಜೋರಾಗಿ ಮಾತಾಡುತ್ತಿದ್ದಾಳೆ. ಅಳುತ್ತಲೂ ಇದ್ದಾಳೆ, ಬೈಯುತ್ತಲೂ ಇದ್ದಾಳೆ. ಯಾರೋ ಹೆಂಗಸು, ಕೈಯಲ್ಲಿ ಪೆಟ್ಟಿಗೆ, ಬೆನ್ನು ಈ ಕಡೆಗೆ. ಕೋಟು ನೋಡಿದರೆ ನಿನ್ನದೇ. ನಿಲುವು ನಿನ್ನದೇ. ಆದರೆ ಜಡೆ ಎಲ್ಲಿ?

ಅಕ್ಕ! ಕೂದಲು ಯಾವಾಗ ಕತ್ತರಿಸಿದ್ದು? ಒಂದು ಕಾಗದದಲ್ಲೂ ಬರೆಯಲಿಲ್ಲವಲ್ಲ ನೀನು!